ಸ್ಟಾರ್ ಸಿಕ್ಕಿತು, ಪಾಠ ಬಂತೇ?



ಈಗ ಮೊಬೈಲಿನಲ್ಲಿ ಪಾಠ ಕಲಿಸುವ ಆ್ಯಪ್‌ಗಳು ಬಂದಿವೆ. ಸರಿ ಉತ್ತರ ಒತ್ತಿದರೆ ಪಾಯಿಂಟ್, ಪಾಠ ಮುಗಿಸಿದರೆ ಸ್ಟಾರ್. ಪಾಠವನ್ನೇ ಆಟದ ಹಾಗೆ ಮಾಡಿದ್ದಾರೆ. ಇದು ಒಳ್ಳೆಯದೋ, ಕೆಟ್ಟದ್ದೋ? ನನಗೆ ಅನಿಸಿದ್ದನ್ನು ಬರೆಯುತ್ತೇನೆ.

ಆಡುತ್ತಾ ಕಲಿಯೋದು ಹೊಸದೇನಲ್ಲ. ಅಳಗುಳಿ ಮಣೆ ಆಡಿದವರಿಗೆ ಎಣಿಕೆ ತಾನಾಗಿ ಬರುತ್ತದೆ. ಹಳೆಯ ಪರಮಪದ ಸೋಪಾನ ಪಟದಲ್ಲಿ ಒಳ್ಳೆಯ ಗುಣಕ್ಕೆ ಏಣಿ, ಕೆಟ್ಟ ಗುಣಕ್ಕೆ ಹಾವು. ನಾವು ಒಂದನೇ ತರಗತಿಯಲ್ಲಿ ಕಲಿತ ನಲಿ-ಕಲಿಯೂ ಹಾಗೇ. ಅದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಕಲಿಕಾ ಏಣಿಯಲ್ಲಿ ಒಂದೊಂದೇ ಮೆಟ್ಟಿಲು, ಒಂದೊಂದೇ ಕಾರ್ಡು. ಜ್ವರ ಬಂದು ನಾಲ್ಕು ದಿನ ಶಾಲೆ ತಪ್ಪಿದರೂ, ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ಇದನ್ನು ನೆನಪಿಟ್ಟುಕೊಳ್ಳಿ.

ಆ್ಯಪ್‌ಗಳಿಂದಲೂ ಲಾಭ ಉಂಟು. ತಪ್ಪಾದರೆ ಯಾರೂ ನಗುವುದಿಲ್ಲ. ಎಷ್ಟು ಸಲ ಬೇಕಾದರೂ ಮಾಡಬಹುದು. ಉತ್ತರ ಸರಿಯೋ ತಪ್ಪೋ ಕೂಡಲೇ ತಿಳಿಯುತ್ತದೆ. ಮಗ್ಗಿ ಅಂದ್ರೆ ಓಡಿ ಹೋಗುತ್ತಿದ್ದ ನನ್ನ ತಮ್ಮ ಈಗ ಪಾಯಿಂಟಿನ ಆಸೆಗೆ ಹದಿಮೂರರ ಮಗ್ಗಿ ಹೇಳ್ತಾನೆ!

ಆದರೆ ಇನ್ನೊಂದು ಕಡೆಯೂ ಇದೆ. ಡ್ಯುಯೋಲಿಂಗೊ ಎಂಬ ಭಾಷೆ ಕಲಿಸುವ ಆ್ಯಪ್ 2012ರಲ್ಲಿ ಎಲ್ಲರಿಗೂ ತೆರೆಯಿತು. ಎಷ್ಟು ದಿನ ಬಿಡದೆ ಕಲಿತೆವು ಎಂಬ ಲೆಕ್ಕ ಅದರಲ್ಲಿ ಇರುತ್ತದೆ. ಅದಕ್ಕೆ ಸ್ಟ್ರೀಕ್ ಅಂತಾರೆ. ದಿನಾ ಓದುವ ಅಭ್ಯಾಸಕ್ಕೆ ಇದು ಒಳ್ಳೆಯದೇ. ಆದರೆ ಲೆಕ್ಕ ಕಾಯುವ ಸ್ಟ್ರೀಕ್ ಫ್ರೀಜ್ ಇಲ್ಲದೆ ಒಂದು ದಿನ ತಪ್ಪಿದರೆ ನೂರು ದಿನದ ಲೆಕ್ಕವೂ ಸೊನ್ನೆ. ಕಲಿತ ಪದಗಳು ತಲೆಯಲ್ಲೇ ಇವೆ, ಆದರೂ ಎಲ್ಲಾ ಹೋಯ್ತು ಅನಿಸುತ್ತದೆ. ಆಗ ಲೆಕ್ಕ ಉಳಿಸಲಿಕ್ಕೆ ಸುಲಭದ ಪಾಠವನ್ನೇ ಒತ್ತಬೇಕು ಅನಿಸುತ್ತದೆ. ಉಪ್ಪಿನಕಾಯಿ ರುಚಿ ಅಂತ ಅದನ್ನೇ ಊಟ ಮಾಡಕ್ಕಾಗುತ್ತಾ?

ಇದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ನಮ್ಮೂರಿನಲ್ಲಿ ಬಹಳ ಮನೆಗಳಲ್ಲಿ ಇರುವುದು ಒಂದೇ ಮೊಬೈಲು. ಅಪ್ಪ ಅದನ್ನು ಹೊಲಕ್ಕೆ ತೆಗೆದುಕೊಂಡು ಹೋದರೆ, ರೀಚಾರ್ಜ್ ಮುಗಿದರೆ, ಮಗಳು ಏನು ಮಾಡಬೇಕು? ಅವಳೇನು ಸೋಮಾರಿಯಲ್ಲ. ಆದರೂ ಅವಳ ಲೆಕ್ಕ ಸೊನ್ನೆ!

ನಮ್ಮ ತರಗತಿಯ ಗೋಡೆ ಮೇಲೂ ಸ್ಟಾರ್ ಪಟ್ಟಿ ಇದೆ. ಮೊದಲು ಉತ್ತರ ಹೇಳಿದವರಿಗೆ ಸ್ಟಾರ್. ಕೆಲವರ ಹೆಸರಿನ ಮುಂದೆ ಜೂನ್ ತಿಂಗಳಿಂದ ಒಂದೂ ಇಲ್ಲ. ದಿನಾ ಆ ಖಾಲಿ ಜಾಗ ನೋಡ್ತಾ ಕೂತರೆ ಓದುವ ಮನಸ್ಸು ಬರುತ್ತದೆಯೇ? ಗುರುಗಳೇ, ಪಟ್ಟಿ ತೆಗೀರಿ ಅಂತ ನಾನು ಹೇಳುತ್ತಿಲ್ಲ. ನಿನ್ನೆ ಬಾರದ ಲೆಕ್ಕವನ್ನು ಇವತ್ತು ಮಾಡಿದವರಿಗೂ, ಪಕ್ಕದವರಿಗೆ ಹೇಳಿಕೊಟ್ಟವರಿಗೂ ದಯವಿಟ್ಟು ಸ್ಟಾರ್ ಕೊಡಿ. ಆಗ ಅದು ನಲಿ-ಕಲಿಯ ಏಣಿಯಂತೆ ಎಲ್ಲರೂ ಹತ್ತುವ ಏಣಿಯಾಗುತ್ತದೆ.

ಗೆಳೆಯರೇ, ಆಟದ ಪಾಠ ಒಳ್ಳೆಯದೋ ಅಲ್ಲವೋ ತಿಳಿಯಲು ಒಂದು ಸುಲಭ ಉಪಾಯವಿದೆ. ಮೊಬೈಲ್ ಕೆಳಗಿಟ್ಟು ಸ್ಲೇಟಿನ ಮೇಲೆ ಅದೇ ಲೆಕ್ಕ ಮಾಡಿ ನೋಡಿ. ಬಂದರೆ ಆಟ ಗೆದ್ದಿತು. ಬಾರದಿದ್ದರೆ ಪಾಯಿಂಟ್ ಮಾತ್ರ ನಮ್ಮದು, ಪಾಠ ನಮ್ಮದಲ್ಲ.

ನೀವೇನಂತೀರಿ? ಮುಂದಿನ ಗೋಡೆ ಪತ್ರಿಕೆಗೆ ತಪ್ಪದೆ ಬರೆಯಿರಿ.

— ಏಳನೇ ತರಗತಿಯ ವಿದ್ಯಾರ್ಥಿನಿ