ಬಾಡಿಗೆಯ ಬಾವುಟ

2025ರ ಜೂನ್ 9ರಂದು ಕೇರಳದಾಚೆಯ ಕಡಲಿನಲ್ಲಿ 'ವಾನ್ ಹಾಯ್ 503' ಎಂಬ ಸರಕಿನ ಹಡಗು ಹೊತ್ತಿ ಉರಿಯಿತು. ಅದರಲ್ಲಿದ್ದ 22 ಮಂದಿಯ ಪೈಕಿ 18 ಮಂದಿಯನ್ನು ರಕ್ಷಿಸಿ ಮಂಗಳೂರಿಗೆ ತರಲಾಯಿತು. ನಾಲ್ವರು ಕಾಣೆಯಾದರು. ಅದಕ್ಕೆ ಎರಡು ವಾರ ಮೊದಲು ಕೊಚ್ಚಿಯ ಬಳಿ 'ಎಂ.ಎಸ್.ಸಿ. ಎಲ್ಸಾ 3' ಮುಳುಗಿತ್ತು. ಅದರ 24 ನಾವಿಕರೂ ಬದುಕಿದರು. ಆದರೆ ಮುಳುಗಿದ ಜಾಗದ ಸುತ್ತ ಬಲೆ ಬೀಸಕೂಡದೆಂದು ಬೆಸ್ತರಿಗೆ ಅಪ್ಪಣೆಯಾಯಿತು.

ಕಡಲಿನ ಮಾತು ನಮಗೇಕೆಂದು ಕೇಳಬೇಡಿ. ಗಿರಣಿಯ ಯಂತ್ರದ ಬಿಡಿಭಾಗ, ಅಂಗಡಿಯ ತಾಳೆ ಎಣ್ಣೆ ಹಡಗಿನಲ್ಲೇ ಬರುತ್ತವೆ. ಅದನ್ನು ತರುವ ನಾವಿಕನೂ ನಮ್ಮಂತೆ ದುಡಿದು ಉಣ್ಣುವವನೇ.

ಕಡಲಿಗೆ ಕಾನೂನು ಇಲ್ಲವೆಂದಲ್ಲ. ಕಾನೂನು ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಡಗಿಗೆ ಅಳತೆಮೀರಿ ಸರಕು ತುಂಬುತ್ತಿದ್ದರು. ಮುಳುಗಿದರೆ ಒಡೆಯನಿಗೆ ವಿಮೆಯ ಹಣ, ನಾವಿಕನ ಹೆಂಡತಿಗೆ ಕಣ್ಣೀರು. ಪಾರ್ಲಿಮೆಂಟಿನ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಇದರ ವಿರುದ್ಧ ಹೋರಾಡಿ, ಹಡಗಿನ ಮೈಮೇಲೆ ಭಾರದ ಗೆರೆ ಬರೆಯಬೇಕೆಂಬ ಕಾನೂನನ್ನು 1876ರಲ್ಲಿ ಮಾಡಿಸಿದ. ಆದರೆ ಗೆರೆಯನ್ನು ಎಲ್ಲಿ ಬರೆಯಬೇಕೆಂಬುದನ್ನು ಒಡೆಯನ ಇಷ್ಟಕ್ಕೇ ಬಿಟ್ಟರು! ಅದರ ಜಾಗವನ್ನು ಕಾನೂನು ಗೊತ್ತುಮಾಡಲು 1890 ಬರಬೇಕಾಯಿತು.

1912ರಲ್ಲಿ ಟೈಟಾನಿಕ್ ಮುಳುಗಿತು. ಹತ್ತು ಸಾವಿರ ಟನ್ನು ಮೀರಿದ ಹಡಗಿಗೆ 16 ದೋಣಿ ಸಾಕೆಂದು ಆಗಿನ ಕಾನೂನು. 46 ಸಾವಿರ ಟನ್ನಿನ ಟೈಟಾನಿಕ್‌ನಲ್ಲಿ 20 ದೋಣಿಗಳಿದ್ದವು. ಅವುಗಳಲ್ಲಿ 1178 ಜನಕ್ಕೆ ಸ್ಥಳ. ಹಡಗಿನಲ್ಲಿದ್ದವರು 2200ಕ್ಕೂ ಹೆಚ್ಚು. ಮೊದಲ ದರ್ಜೆಯವರಲ್ಲಿ ನೂರಕ್ಕೆ ಅರವತ್ತು ಮಂದಿ ಉಳಿದರೆ, ಮೂರನೆಯ ದರ್ಜೆಯವರಲ್ಲಿ ಉಳಿದವರು ನಾಲ್ವರಲ್ಲೊಬ್ಬರು.

ಆ ಸಾವುಗಳ ಮೇಲೆಯೇ 1914ರಲ್ಲಿ ಕಡಲ ಸುರಕ್ಷತೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. ಇಂದು ನಡೆಯುತ್ತಿರುವುದು 1974ರ ಒಪ್ಪಂದ. ದೋಣಿ, ಬೆಂಕಿ ಆರಿಸುವ ಸಾಧನ, ರೇಡಿಯೋ ಎಲ್ಲಕ್ಕೂ ಅದರಲ್ಲಿ ನಿಯಮವಿದೆ. ಆದರೆ ಹಡಗನ್ನು ತಪಾಸಣೆ ಮಾಡಿ ಪ್ರಮಾಣಪತ್ರ ಕೊಡುವ ಮೊದಲ ಹೊಣೆ, ಅದು ಯಾವ ದೇಶದ ಬಾವುಟ ಹಾರಿಸುತ್ತದೆಯೋ ಆ ದೇಶದ್ದು. ಬಂಡವಳಗಾರನಿಗೆ ಸಿಕ್ಕ ಕಿಂಡಿ ಇದೇ. ಒಡೆಯ ಒಂದು ದೇಶದವನು, ನಾವಿಕರು ಇನ್ನೊಂದು ದೇಶದವರು, ಬಾವುಟ ಮತ್ತೊಂದು ದೇಶದ್ದು. ಎಲ್ಸಾ 3 ಹಾರಿಸುತ್ತಿದ್ದುದು ಲೈಬೀರಿಯದ ಬಾವುಟ. ನಡೆಸುತ್ತಿದ್ದುದು ಜಿನೀವಾದ ಕಂಪೆನಿ. ಅದು ಮುಳುಗಿದ್ದು ಏಕೆಂಬುದು ವಿಚಾರಣೆಯ ಮಾತು. ಆದರೆ ಹಾನಿಯನ್ನು ಮೊದಲು ಉಂಡವನು ಕೇರಳದ ಬೆಸ್ತ. ತೆರಿಗೆ ಕಡಮೆ, ಕಟ್ಟುಪಾಡು ಕಡಮೆ ಎಂದು ಬಾವುಟವನ್ನು ಬಾಡಿಗೆಗೆ ಕೊಡುವ ಈ ವ್ಯಾಪಾರದ ವಿರುದ್ಧ ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟವು 1948ರಿಂದ ಹೋರಾಡುತ್ತಿದೆ.

ಬಾವುಟದ ದೇಶ ಕಣ್ಣು ಮುಚ್ಚಿದರೆ ಬಂದರಿನ ದೇಶವು ಕಣ್ಣು ತೆರೆಯಬಹುದು. ಬಂದ ಹಡಗನ್ನು ತಪಾಸಣೆ ಮಾಡಿ, ಕುಂದಿದ್ದರೆ ತಡೆಹಿಡಿಯುವ ಅಧಿಕಾರ ಭಾರತಕ್ಕೂ ಉಂಟು. ಅದನ್ನು ಅಂಜದೆ ನಡೆಸಲಿ. ಸಾಕಷ್ಟು ತಪಾಸಕರನ್ನು ನೇಮಿಸಲಿ. ದೂರು ಕೊಟ್ಟ ನಾವಿಕನ ಅನ್ನಕ್ಕೆ ಕುತ್ತು ಬಾರದಂತೆ ನೋಡಿಕೊಳ್ಳಲಿ. ಹಡಗಿನ ನಿಜವಾದ ಒಡೆಯನಾರೆಂಬುದನ್ನು ಬಹಿರಂಗಪಡಿಸಲಿ ಎಂದು ನಾವು ಒತ್ತಾಯಿಸುತ್ತೇವೆ.

ಕಾರ್ಖಾನೆಯ ತಪಾಸಕ ಧಣಿಯ ಮನೆಯ ಊಟ ಉಂಡರೆ ಏನಾಗುತ್ತದೆಂಬುದನ್ನು ಗಿರಣಿಯ ಕಾರ್ಮಿಕರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಗೆರೆ ಎಳೆಯುವ ಕೈ ಒಡೆಯನದಾಗಿರುವ ತನಕ ಮುಳುಗುವವರು ದುಡಿಯುವವರೇ.