ಪರೀಕ್ಷೆಗಳ ಪಟ್ಟಿ ಬೆಳೆದರೆ ಆಯುಷ್ಯ ಬೆಳೆಯದು

ಆರೋಗ್ಯವೂ ಇಂದು ರಿಯಾಯಿತಿ ದರದಲ್ಲಿ ಮಾರಾಟವಾಗುವ ಸರಕಾಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ಪಟ್ಟಣಗಳ ಕುಟುಂಬಗಳಿಗೂ 'ಫುಲ್ ಬಾಡಿ ಚೆಕಪ್' ಪ್ಯಾಕೇಜುಗಳ ಜಾಹೀರಾತು ತಲುಪುತ್ತಿದೆ. ಒಮ್ಮೆ ರಕ್ತ ಕೊಡಿ, ಹತ್ತಾರು ಪರೀಕ್ಷೆಗಳ ವರದಿ ಪಡೆಯಿರಿ, ನಿಶ್ಚಿಂತರಾಗಿರಿ ಎಂಬುದು ಅದರ ಕರೆ. ನಮ್ಮಲ್ಲಿನ ಅನುಕೂಲಸ್ಥರು ಈ ಕರೆಗೆ ಓಗೊಡುತ್ತಾರೆ. ಆದರೆ ಉಚಿತ ತಪಾಸಣೆಗಾಗಿ ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯನ್ನು "ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ" ಎಂದು ಸಾಗಹಾಕುತ್ತಾರೆ. ಈ ವೈರುಧ್ಯವನ್ನು ನಾವು ಪ್ರಶ್ನಿಸಲೇಬೇಕಾಗಿದೆ.

ಮೊದಲು ಪ್ಯಾಕೇಜಿನ ಲೆಕ್ಕವನ್ನೇ ನೋಡೋಣ. ಪ್ರಯೋಗಾಲಯಗಳು 'ಸಾಮಾನ್ಯ ಮಿತಿ' ಎಂದು ಮುದ್ರಿಸುವ ಅಂಕಿಗಳನ್ನು, ಸಾಧಾರಣವಾಗಿ ಆರೋಗ್ಯವಂತರಲ್ಲಿ ಶೇ. 95 ಮಂದಿ ಒಳಗೆ ಬರುವಂತೆ ನಿಗದಿಪಡಿಸಲಾಗುತ್ತದೆ. ಅಂದರೆ ರೋಗವೇ ಇಲ್ಲದ ನೂರು ಮಂದಿಯಲ್ಲಿ ಐವರು ಆ ಮಿತಿಯ ಹೊರಗಿರುತ್ತಾರೆ. ಪರಸ್ಪರ ಸಂಬಂಧವಿಲ್ಲದ ಇಂತಹ 20 ಪರೀಕ್ಷೆ ಮಾಡಿದರೆ, ಪೂರ್ಣ ಆರೋಗ್ಯವಂತನ ವರದಿಯಲ್ಲೂ ಒಂದಾದರೂ 'ಅಸಹಜ' ಅಂಕಿ ಕಾಣುವ ಸಂಭವ ಶೇ. 64! ಅಲ್ಲಿಂದ ಭಯ, ಮರುಪರೀಕ್ಷೆ, ಸ್ಕ್ಯಾನಿಂಗ್, ಸಾಲ. ಲಾಭ ಯಾರಿಗೆ?

ಜಗತ್ತಿನ ಅನುಭವವೂ ಇದನ್ನೇ ಹೇಳುತ್ತದೆ. ಆರೋಗ್ಯವಂತರ ಸಾಮಾನ್ಯ ತಪಾಸಣೆಯ ಕುರಿತು ನಡೆದ ಪ್ರಯೋಗಗಳನ್ನು, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯೊಂದಿಗೆ, ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ ಪರಿಶೀಲಿಸಿತು. ಇಂತಹ ತಪಾಸಣೆಯಿಂದ ಸಾವಿನ ಪ್ರಮಾಣ ಬಹುತೇಕ ತಗ್ಗುವುದಿಲ್ಲ ಎಂಬುದು ಅದರ ತೀರ್ಮಾನ. "ಅದು ಶ್ರೀಮಂತ ರಾಷ್ಟ್ರಗಳ ಮಾತು, ನಮ್ಮಲ್ಲಿ ವೈದ್ಯರ ಬಳಿ ಹೋಗುವವರೇ ಕಡಿಮೆ" ಎಂಬ ಆಕ್ಷೇಪ ಬರಬಹುದು. ಅದು ನ್ಯಾಯವಾದ ಆಕ್ಷೇಪ. ಆದುದರಿಂದ ನಮ್ಮ ನೆಲದ ಸಾಕ್ಷ್ಯವನ್ನೇ ಕೇಳೋಣ.

ಹಲಸಂಗಿಯ ಸೀಮೆಗೆ ಹತ್ತಿರದ ಸೊಲ್ಲಾಪುರ ಜಿಲ್ಲೆಗೆ ಹೊಂದಿಕೊಂಡಿರುವುದು ಉಸ್ಮಾನಾಬಾದ್, ಇಂದಿನ ಧಾರಾಶಿವ. ಅಲ್ಲಿನ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಎಚ್‌ಪಿವಿ ಪರೀಕ್ಷೆ ಮತ್ತು ಅದರ ಬೆನ್ನಿಗೆ ದೊರೆತ ಚಿಕಿತ್ಸೆ, ಗರ್ಭಕಂಠದ ಕ್ಯಾನ್ಸರಿನ ಸಾವುಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದವು. ಮುಂಬೈಯ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಅಸಿಟಿಕ್ ಆಮ್ಲ ಲೇಪಿಸಿ ಬರಿಗಣ್ಣಿನಿಂದ ಎರಡು ವರ್ಷಕ್ಕೊಮ್ಮೆ ನಡೆಸಿದ ತಪಾಸಣೆ ಇದೇ ಕ್ಯಾನ್ಸರಿನ ಸಾವುಗಳನ್ನು ಶೇ. 31ರಷ್ಟು ತಗ್ಗಿಸಿತೆಂದು 2014ರಲ್ಲಿ ವರದಿಯಾಯಿತು. ತಿರುವನಂತಪುರದಲ್ಲಿ ಬಾಯಿ ತೆರೆಸಿ ನೋಡುವ ಸರಳ ಪರೀಕ್ಷೆಯು, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವುಗಳನ್ನು ಶೇ. 34ರಷ್ಟು ಕಡಿಮೆಗೊಳಿಸಿತ್ತು (2005). ಗುಟ್ಕಾ ಜಗಿಯುವ ನಮ್ಮ ಯುವಕರಿಗೆ ಇದಕ್ಕಿಂತ ಸ್ಪಷ್ಟವಾದ ಸಂದೇಶ ಬೇಕೇ?

ರಹಸ್ಯವಿರುವುದು ಪರೀಕ್ಷೆಗಳ ಸಂಖ್ಯೆಯಲ್ಲಲ್ಲ. ಸರಿಯಾದ ವಯಸ್ಸಿಗೆ ಸರಿಯಾದ ಪರೀಕ್ಷೆ, ನಿಗದಿತ ಅವಧಿಗೆ ಅದರ ಪುನರಾವರ್ತನೆ, ದೋಷ ಕಂಡಾಗ ಚಿಕಿತ್ಸೆ ಇವೇ ಜೀವ ಉಳಿಸುತ್ತವೆ. ಸರಕಾರದ ಮಾರ್ಗಸೂಚಿಯಂತೆ 30 ದಾಟಿದವರಿಗೆ ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಸಕ್ಕರೆ, ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ ಹಾಗೂ ಗರ್ಭಕಂಠದ ತಪಾಸಣೆ ನಡೆಯಬೇಕು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಕರ್ನಾಟಕದ ಗೃಹ ಆರೋಗ್ಯ ಯೋಜನೆಯೂ 2024ರಲ್ಲಿ ಕೋಲಾರದಿಂದ ಆರಂಭಗೊಂಡು ಮರುವರ್ಷ ರಾಜ್ಯಕ್ಕೆ ವಿಸ್ತರಿಸಿತು.

ಇಷ್ಟಿದ್ದೂ ನಮ್ಮ ಮನೆಗಳ ಮಹಿಳೆಯರು ಏಕೆ ಹಿಂದುಳಿಯಬೇಕು? ಪರ್ದಾ ಅಡ್ಡಿಯೆಂಬುದು ನೆಪ ಮಾತ್ರ. ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಹೆಣ್ಣು. ಗರ್ಭಕಂಠದ ತಪಾಸಣೆಯನ್ನು ದಾದಿಯಿಂದಲೇ ಮಾಡಿಸಿಕೊಳ್ಳಬಹುದು. ನಿಜವಾದ ಅಡ್ಡಿ, ಅಮ್ಮಿಯ ನೋವು ಮನೆಯ ಖರ್ಚಿನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ ಎಂಬುದು. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರು ಬೀಸುಕಲ್ಲಿನ ಮುಂದೆ ಕುಳಿತ ಗರತಿಯರ ಹಾಡಿಗೆ ಕಿವಿಗೊಟ್ಟವರು. ಆ ಗರತಿಯರ ಮೊಮ್ಮಕ್ಕಳು ತಮ್ಮ ದೇಹದ ನೋವನ್ನು ಹೇಳಿದಾಗ ಕೇಳುವ ವ್ಯವಧಾನ ನಮಗಿಲ್ಲವೇ?

ಸರಕಾರವೂ ನುಣುಚಿಕೊಳ್ಳಬಾರದು. ಫಾರಂ ಭರ್ತಿಯಾದರೆ ತಪಾಸಣೆ ಮುಗಿಯುವುದಿಲ್ಲ. ರಕ್ತದೊತ್ತಡ ಪತ್ತೆಯಾದವನಿಗೆ ತಿಂಗಳು ತಪ್ಪದೆ ಮಾತ್ರೆ, ಗಂಟು ಕಂಡವಳಿಗೆ ತಜ್ಞರ ಭೇಟಿ ಖಾತರಿಯಾಗಬೇಕು. ಚಿಕಿತ್ಸೆಯಿಲ್ಲದ ತಪಾಸಣೆ ಬಡವನಿಗೆ ಕೊಟ್ಟ ಭಯವಷ್ಟೇ.

ನಮ್ಮ ಜಮಾಅತ್‌ಗಳ ಮುಂದೆ ಎರಡು ಮಾತು ಇಡುತ್ತೇವೆ. ಶಾದಿ ಮಹಲ್ ಪ್ಯಾಕೇಜು ಮಾರುವವರ ಅಂಗಡಿಯಾಗದಿರಲಿ. ಬದಲಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಮೊಹಲ್ಲಾಕ್ಕೆ ಕರೆಯಿರಿ, ಮಹಿಳೆಯರಿಗೆ ಪ್ರತ್ಯೇಕ ಕೋಣೆ ಕೊಡಿ, ದೋಷ ಕಂಡವರು ಚಿಕಿತ್ಸೆಗೆ ಹೋದರೇ ಎಂದು ಮರುತಿಂಗಳು ವಿಚಾರಿಸಿ. ದೇಹ ಅಲ್ಲಾಹನ ಅಮಾನತ್ ಎಂದು ಭಾಷಣದಲ್ಲಿ ಹೇಳುವವರು ಅದರ ಲೆಕ್ಕವನ್ನು ಇಷ್ಟಾದರೂ ಇಡಬೇಡವೇ?