ಒಂದು ಡಿಕ್ಕಿ, ಎರಡು ತೀರ್ಪು
1914ರ ಮೇ 29ರ ನಸುಕಿನಲ್ಲಿ ಕೆನಡಾದ ಸೇಂಟ್ ಲಾರೆನ್ಸ್ ನದಿಯಲ್ಲಿ 'ಎಂಪ್ರೆಸ್ ಆಫ್ ಐರ್ಲೆಂಡ್' ಪ್ರಯಾಣಿಕ ಹಡಗಿಗೆ ನಾರ್ವೆಯ ಕಲ್ಲಿದ್ದಲು ಹಡಗು 'ಸ್ಟೋರ್‌ಸ್ಟಾಡ್' ಡಿಕ್ಕಿ ಹೊಡೆಯಿತು. ಹದಿನಾಲ್ಕೇ ನಿಮಿಷಗಳಲ್ಲಿ ಎಂಪ್ರೆಸ್ ಮುಳುಗಿ, ಸಾವಿರಕ್ಕೂ ಹೆಚ್ಚು ಜನ ಸತ್ತರು. ಮಂಜು ಕವಿಯುವ ಮೊದಲು ಎರಡೂ ಹಡಗುಗಳ ನಾವಿಕರು ಪರಸ್ಪರರ ದೀಪಗಳನ್ನು ಕಂಡಿದ್ದರು. ಆಮೇಲೆ ದಿಕ್ಕು ಬದಲಿಸಿದ್ದು ಯಾರು ಎಂಬುದೇ ವಿವಾದದ ತಿರುಳು. ಟೈಟಾನಿಕ್ ವಿಚಾರಣೆಯನ್ನೂ ನಡೆಸಿದ್ದ ಲಾರ್ಡ್ ಮರ್ಸಿ ಅಧ್ಯಕ್ಷತೆಯ ಆಯೋಗ, ಸ್ಟೋರ್‌ಸ್ಟಾಡ್‌ನ ಅಧಿಕಾರಿ ಆಲ್ಫ್ರೆಡ್ ಟಾಫ್ಟೆನೆಸ್ ಮಂಜಿನಲ್ಲಿ ದಿಕ್ಕು ಬದಲಿಸಿದ್ದೂ ಕ್ಯಾಪ್ಟನ್‌ನನ್ನು ಕರೆಯದೇ ಇದ್ದುದೂ ತಪ್ಪೆಂದಿತು. ನಾರ್ವೆಯವರ ವಿಚಾರಣೆ ಹೊಣೆಯನ್ನು ಎಂಪ್ರೆಸ್‌ನ ಮೇಲೆ ಹೊರಿಸಿತು. ಆದರೆ ಡಿಕ್ಕಿಯ ಹೊಣೆ ಬೇರೆ, ಇಷ್ಟೊಂದು ಸಾವಿನ ಹೊಣೆ ಬೇರೆ: ತೆರೆದೇ ಇದ್ದ ಕಿಟಕಿಗಳಿಂದ ನೀರು ನುಗ್ಗಿತು, ಕೈಯಿಂದಲೇ ಮುಚ್ಚಬೇಕಿದ್ದ ಜಲರೋಧಕ ಬಾಗಿಲುಗಳನ್ನು ಮುಚ್ಚಲು ವೇಳೆ ಸಾಲಲಿಲ್ಲ. ಈ ಎರಡನೆಯ ಪ್ರಶ್ನೆಗೂ ಮೊದಲನೆಯದರಷ್ಟೇ ತೂಕ ಸಲ್ಲಬೇಕಿತ್ತು.